ಹಳೆಯ ಅಮೆರಿಕದ ಹಾಡಿನ ಪುಸ್ತಕಗಳು: ಯಾವುದರಿಂದ ಶುರುಮಾಡಬೇಕು?

ಅಮೆರಿಕದ ಹಳೆಯ ಹಾಡುಗಳ ಗೀಳು ಹತ್ತಿದವರು ಸಾಮಾನ್ಯವಾಗಿ ಮೊದಲು ತೆರೆಯುವುದು ಎಲ್ಲಕ್ಕಿಂತ ಹೆಸರಾದ ಪುಸ್ತಕವನ್ನು. ನಾನೂ ಹಾಗೇ ಮಾಡಿದೆ. 1640ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಚ್ಚಾದ ‘ಬೇ ಸಾಮ್ ಬುಕ್’ನ ಸ್ಕ್ಯಾನ್ ಇಳಿಸಿಕೊಂಡು ಒಂದು ರಾತ್ರಿ ಪುಟ ತಿರುವುತ್ತ ಕೂತೆ. ಹತ್ತು ಪುಟ ಆಯಿತು, ಐವತ್ತು ಆಯಿತು, ಕೊನೆಯ ಪುಟವೂ ಬಂತು. ಇಡೀ ಪುಸ್ತಕದಲ್ಲಿ ಒಂದು ಸ್ವರಚಿಹ್ನೆಯೂ ಸಿಗಲಿಲ್ಲ. ಹಾಡಬೇಕೆಂದು ತೆರೆದ ಪುಸ್ತಕವನ್ನು ಓದಿ ಮುಚ್ಚಿಟ್ಟೆ.

ಪುಸ್ತಕದಲ್ಲಿ ತಪ್ಪಿರಲಿಲ್ಲ. ತೆರೆಯುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ: ಈ ಪುಸ್ತಕದ ಹಾಡುಗಳ ಧಾಟಿ ಎಲ್ಲಿದೆ? ಆ ಕಾಲದ ಕೆಲವು ಪುಸ್ತಕಗಳ ಧಾಟಿ ಜನರ ಬಾಯಲ್ಲಿತ್ತು, ಅಚ್ಚಿನಲ್ಲಿ ಬರೀ ಸಾಹಿತ್ಯ. ಕೆಲವುಗಳಲ್ಲಿ ಧಾಟಿಯೇ ಮುಖ್ಯ, ಸಾಹಿತ್ಯ ಒಂದೆರಡು ಚರಣ ಇದ್ದರೆ ಹೆಚ್ಚು. ಇನ್ನು ಕೆಲವು ಪಿಯಾನೋ ಇರುವ ಮನೆಗೆಂದೇ ತಯಾರಾದವು. ನಿಮ್ಮ ಕೈಯಲ್ಲಿರುವುದು ಇವುಗಳಲ್ಲಿ ಯಾವುದು ಎಂದು ಗೊತ್ತಾದರೆ, ಅದು ನಿಮಗೆ ಆಗಿಬರುತ್ತದೋ ಇಲ್ಲವೋ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. 1640ರಿಂದ 1867ರವರೆಗಿನ ಪುಸ್ತಕಗಳನ್ನು ಈ ಪ್ರಶ್ನೆ ಇಟ್ಟುಕೊಂಡೇ ಇಲ್ಲಿ ಹೋಲಿಸುತ್ತೇನೆ.

ಕೀರ್ತನೆಗಳ ಪುಸ್ತಕ

‘ಬೇ ಸಾಮ್ ಬುಕ್’ ಬ್ರಿಟಿಷ್ ಉತ್ತರ ಅಮೆರಿಕದಲ್ಲಿ ಅಚ್ಚಾದ ಮೊದಲ ಪುಸ್ತಕ. ಬೈಬಲಿನ ಕೀರ್ತನೆಗಳನ್ನು ಪ್ಯೂರಿಟನ್ ಪಾದ್ರಿಗಳು ಇಂಗ್ಲಿಷ್ ಪದ್ಯಕ್ಕೆ ತಂದು ಇಲ್ಲಿ ಕೊಟ್ಟಿದ್ದಾರೆ. ಅಚ್ಚಾದದ್ದು 1,700 ಪ್ರತಿ, ಇಂದು ಉಳಿದಿರುವುದು 11. ಅದರಲ್ಲೊಂದು 2013ರ ಹರಾಜಿನಲ್ಲಿ ಸುಮಾರು 1.42 ಕೋಟಿ ಡಾಲರಿಗೆ ಹೋಯಿತು. ಹೆಸರು ಬಂದಿರುವುದು ಈ ಕಾರಣಗಳಿಗೆ. ಹಾಡಲು ಅನುಕೂಲ ಎಂಬುದಕ್ಕಲ್ಲ.

ಇದರ ಧಾಟಿ ಸಭೆಯ ನೆನಪಿನಲ್ಲಿತ್ತು. ಷಟ್ಪದಿ ಗೊತ್ತಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಮಿನಿಯ ಒಂದು ಪದ್ಯವನ್ನು ಗಮಕಿಗಳು ಇವತ್ತು ಒಂದು ರಾಗದಲ್ಲಿ, ನಾಳೆ ಇನ್ನೊಂದರಲ್ಲಿ ಹಾಡಬಲ್ಲರು, ಛಂದಸ್ಸು ಕೂತಿದ್ದರೆ ಸಾಕು. ಅಲ್ಲಿಯೂ ಹಾಗೆಯೇ. ಹೆಚ್ಚಿನ ಕೀರ್ತನೆಗಳು ಎಂಟು, ಆರು, ಎಂಟು, ಆರು ಅಕ್ಷರಗಳ ನಾಲ್ಕು ಸಾಲಿನ ಪದ್ಯಗಳು. ಆ ಅಳತೆಯ ಒಂದು ಧಾಟಿ ಬಂದರೆ ಹತ್ತಾರು ಕೀರ್ತನೆ ಹಾಡಬಹುದು. ಒಬ್ಬರು ಸಾಲು ಹೇಳಿಕೊಡುವುದು, ಸಭೆ ಅದನ್ನು ಎತ್ತಿಕೊಳ್ಳುವುದು, ಹೀಗೆ ಸಾಗುತ್ತಿತ್ತು. ಎಂಟು ದಶಕ ಕಳೆಯುವ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ವೇಗದಲ್ಲಿ, ತಮಗೆ ತೋಚಿದ ಎಳೆತಗಳೊಂದಿಗೆ ಹಾಡತೊಡಗಿದ್ದರು. ಓದಿದ ಪಾದ್ರಿಗಳಿಗೆ ಇದು ಸಹಿಸಲಾಗದ ಗದ್ದಲವಾಗಿ ಕೇಳಿಸಿತು. 1698ರ ಒಂಬತ್ತನೆಯ ಆವೃತ್ತಿಯ ಕೊನೆಯಲ್ಲಿ 13 ಧಾಟಿಗಳು ಮೊದಲ ಬಾರಿಗೆ ಅಚ್ಚಾದವು. ಮೊದಲ ಆವೃತ್ತಿಯೇ ಬೇಕೆಂದು ಹಟ ಹಿಡಿಯದೆ ಇದನ್ನು ಹುಡುಕಿಕೊಂಡರೆ ಕೀರ್ತನೆಗಳ ಜೊತೆಗೆ ಹಾಡಲು ಏನಾದರೂ ಸಿಗುತ್ತದೆ.

ಸಾಹಿತ್ಯವಾಗಿ ಓದುತ್ತೇನೆ ಎನ್ನುವವರಿಗೂ ಒಂದು ಮಾತು. ಕನ್ನಡ ಬೈಬಲಿನ 23ನೇ ಕೀರ್ತನೆಯ ‘ಯೆಹೋವನು ನನಗೆ ಕುರುಬನು’ ಎಂಬ ಸಾಲಿನ ಸರಾಗ ಈ ಇಂಗ್ಲಿಷ್ ಪದ್ಯದಲ್ಲಿ ಇಲ್ಲ. ಮೂಲಕ್ಕೆ ನಿಷ್ಠರಾಗಿದ್ದೂ ಅಕ್ಷರ ಲೆಕ್ಕ ತಪ್ಪಬಾರದೆಂದು ಪದಗಳನ್ನು ಹಿಂದುಮುಂದು ಮಾಡಿದ್ದಾರೆ. ದೇವರ ಬಲಿಪೀಠಕ್ಕೆ ನಮ್ಮ ನುಣುಪುಗಾರಿಕೆ ಬೇಕಿಲ್ಲ ಎಂದು ಮುನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಆ ನಿಷ್ಠುರತೆ ನನಗೆ ಇಷ್ಟ. ಆದರೂ ಶುರುಮಾಡಲು ಇದನ್ನು ಯಾರಿಗೂ ಹೇಳುವುದಿಲ್ಲ.

ಜೇಬಿನ ಪುಸ್ತಕ, ಬೀದಿಯ ಹಾಳೆ

ಟಾಕೀಸಿನ ಮುಂದೆ ಸಿನಿಮಾದ ಹಾಡಿನ ಪುಸ್ತಕ ಮಾರುತ್ತಿದ್ದದ್ದು ನೋಡಿದವರಿಗೆ ಸಾಂಗ್‌ಸ್ಟರ್ ಎಂದರೇನು ಎಂದು ತಟ್ಟನೆ ಅರ್ಥವಾಗುತ್ತದೆ. ಜೇಬಿನಲ್ಲಿ ಹಿಡಿಸುವ ಸಣ್ಣ ಪುಸ್ತಕ, ಒಳಗೆ ಸಾಹಿತ್ಯ ಮಾತ್ರ. ಧಾಟಿ ಕೊಳ್ಳುವವರಿಗೆ ಮೊದಲೇ ಗೊತ್ತು ಎಂಬ ನಂಬಿಕೆಯ ಮೇಲೆ ಅಚ್ಚಾದದ್ದು. ಅದಕ್ಕಿಂತ ಅಗ್ಗ ಬ್ರಾಡ್‌ಸೈಡ್, ಅಂದರೆ ಒಂದೇ ಬದಿಗೆ ಅಚ್ಚುಹಾಕಿದ ಬಿಡಿ ಹಾಳೆ. ಯುದ್ಧ, ಗಲ್ಲು, ಹಡಗು ಮುಳುಗಿದ್ದು, ಪ್ರೇಮಭಂಗ, ಚುನಾವಣೆ, ಏನು ನಡೆದರೂ ಅದಕ್ಕೊಂದು ಹಾಡು ಕಟ್ಟಿ ಬೀದಿಯಲ್ಲಿ ಮಾರುತ್ತಿದ್ದರು. ಹೆಸರಿನ ಕೆಳಗೆ ‘ಇಂಥ ಧಾಟಿಯಲ್ಲಿ’ ಎಂಬ ಒಂದು ಸಾಲು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಇತಿಹಾಸದ ಆಸಕ್ತಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಾರಣವಿದೆ. 1768ರಲ್ಲಿ ಜಾನ್ ಡಿಕಿನ್ಸನ್ ಬ್ರಿಟಿಷ್ ತೆರಿಗೆಗಳ ವಿರುದ್ಧ ‘ಲಿಬರ್ಟಿ ಸಾಂಗ್’ ಬರೆದರು. ಧಾಟಿ ಯಾವುದು ಗೊತ್ತೇ? ಬ್ರಿಟಿಷ್ ನೌಕಾಪಡೆಯ ಹೆಮ್ಮೆಯ ಹಾಡು, ವಿಲಿಯಂ ಬಾಯ್ಸ್ ಸ್ವರ ಹಾಕಿದ ‘ಹಾರ್ಟ್ ಆಫ್ ಓಕ್’. ಎದುರಾಳಿಯ ಧಾಟಿಯನ್ನೇ ಎತ್ತಿಕೊಂಡು ಅವನ ವಿರುದ್ಧ ಹಾಡಿದರು. ಕೆಲವೇ ವಾರಗಳಲ್ಲಿ ದೊರೆಯ ಪರದವರು ಅದೇ ಧಾಟಿಗೆ ಅಣಕದ ಸಾಹಿತ್ಯ ಬರೆದರು. ಆ ಅಣಕಕ್ಕೆ ಮತ್ತೊಂದು ಅಣಕ ಬಂತು, ಅದೂ ಅದೇ ಧಾಟಿಯಲ್ಲಿ. ಮೂರು ಸಾಹಿತ್ಯವನ್ನೂ ಮುಂದಿಟ್ಟುಕೊಂಡು ಒಂದಾದ ಮೇಲೊಂದು ಹಾಡಿ ನೋಡಿ. ಬಾಸ್ಟನ್ನಿನ ಹೋಟೆಲುಗಳಲ್ಲಿ ಎರಡು ಬಣದವರು ಒಬ್ಬರನ್ನೊಬ್ಬರು ಹೇಗೆ ಚುಚ್ಚುತ್ತಿದ್ದರು ಎಂಬುದು ಬಾಯಿಗೇ ಗೊತ್ತಾಗುತ್ತದೆ. ಸವಾಲ್-ಜವಾಬಿನ ಲಾವಣಿ ಕೇಳಿದವರಿಗೆ ಆ ಬಿಸಿ ಇನ್ನೂ ಬೇಗ ತಟ್ಟುತ್ತದೆ.

ಇನ್ನೊಂದು ಹಾಳೆಯನ್ನು ಹತ್ತಿರದಿಂದ ನೋಡೋಣ. 1814ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಹಡಗುಗಳು ಬಾಲ್ಟಿಮೋರಿನ ಮ್ಯಾಕ್‌ಹೆನ್ರಿ ಕೋಟೆಯ ಮೇಲೆ ಗುಂಡು ಸುರಿಸಿದವು. ಫ್ರಾನ್ಸಿಸ್ ಸ್ಕಾಟ್ ಕೀ ಅದನ್ನು ಕಣ್ಣಾರೆ ಕಂಡು ಪದ್ಯ ಬರೆದರು. ಕೆಲವೇ ದಿನಗಳಲ್ಲಿ ಅದು ಬಿಡಿ ಹಾಳೆಯಾಗಿ ಊರೆಲ್ಲ ಹರಡಿತು. ಮೇಲೆ ಕೋಟೆಯ ರಕ್ಷಣೆ ಎಂಬ ತಲೆಬರಹ, ಅದರ ಕೆಳಗೆ ಘಟನೆಯ ಪುಟ್ಟ ವಿವರಣೆ, ಆಮೇಲೆ ‘ಅನಾಕ್ರಿಯಾನ್ ಇನ್ ಹೆವನ್’ ಧಾಟಿ ಎಂಬ ಸೂಚನೆ, ಬಳಿಕ ನಾಲ್ಕು ಚರಣ. ಸ್ವರ ಇಲ್ಲ. ಬೇಕಾಗಿಯೂ ಇರಲಿಲ್ಲ. ಲಂಡನ್ನಿನ ಒಂದು ಸಂಗೀತಪ್ರಿಯರ ಕೂಟಕ್ಕೆ ಜಾನ್ ಸ್ಟಾಫರ್ಡ್ ಸ್ಮಿತ್ ಕಟ್ಟಿದ ಆ ಧಾಟಿಗೆ ಅಮೆರಿಕದಲ್ಲಿ ಅದಾಗಲೇ ಹಲವು ಸಾಹಿತ್ಯಗಳಿದ್ದವು. 1798ರಲ್ಲಿ ಅಧ್ಯಕ್ಷ ಆಡಮ್ಸ್ ಪರವಾಗಿ ‘ಆಡಮ್ಸ್ ಅಂಡ್ ಲಿಬರ್ಟಿ’ ಹುಟ್ಟಿದ್ದು ಅದರಲ್ಲೇ. ಕೀ ಅವರೇ 1805ರಲ್ಲಿ ಅದಕ್ಕೆ ಬೇರೊಂದು ಹಾಡು ಬರೆದಿದ್ದರು. 1931ರಲ್ಲಿ ಅಮೆರಿಕದ ರಾಷ್ಟ್ರಗೀತೆ ಎಂದು ಕಾನೂನಾದ ಹಾಡು ಹುಟ್ಟಿದ್ದು ಹೀಗೆ, ಎಲ್ಲರ ಕಿವಿಯಲ್ಲಿದ್ದ ಹಳೆಯ ಧಾಟಿಗೆ ಹೊಸ ಸಾಹಿತ್ಯ ಕೂರಿಸಿದ ಒಂದು ಹಾಳೆಯಲ್ಲಿ.

ಇಂಥ ಹಾಳೆಗಳನ್ನು ಜನ ಹಾಡಿ, ಮಡಚಿ, ಹರಿದು ಎಸೆಯುತ್ತಿದ್ದರು. ಹಾಗಿದ್ದೂ ಮುನ್ನೂರಕ್ಕೂ ಹೆಚ್ಚು ಹಾಳೆಗಳು ಒಂದೇ ಕಡೆ ಉಳಿದದ್ದು ಮುದ್ರಕ ಐಸಾಯ ಥಾಮಸ್ ಅವರಿಂದ. 1813ರಲ್ಲಿ ಅವರು ಬಾಸ್ಟನ್ನಿನ ಒಬ್ಬ ಮಾರಾಟಗಾರನಿಂದ ಕೈಗೆ ಸಿಕ್ಕಷ್ಟು ಹಾಳೆ ಕೊಂಡು, ಮೂರು ಸಂಪುಟವಾಗಿ ಹೊಲಿಸಿ, ಸಾಮಾನ್ಯ ಜನ ಈ ಹೊತ್ತಿಗೆ ಮೆಚ್ಚುತ್ತಿರುವುದು ಇಂಥವನ್ನು ಎಂದು ಬರೆದಿಟ್ಟು, 1814ರಲ್ಲಿ ತಾವೇ ಕಟ್ಟಿದ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಗೆ ಕೊಟ್ಟರು. ಇಂದು ಆ ಸಂಗ್ರಹ ಅಂತರ್ಜಾಲದಲ್ಲಿ ಯಾರಿಗೂ ಸಿಗುತ್ತದೆ. ಈ ಬಗೆಯಲ್ಲಿ ಒಂದನ್ನೇ ಆರಿಸುವುದಾದರೆ ಅದನ್ನೇ ಆರಿಸಿ. ಯಾವುದೋ ಪ್ರಕಾಶಕರು ಸೋಸಿ, ತಿದ್ದಿ ಕೊಟ್ಟ ಸಂಕಲನಕ್ಕಿಂತ ಒಂದು ಊರಿನ, ಒಂದು ವರ್ಷದ ಬೀದಿಯ ಸರಕು ಇದ್ದದ್ದು ಇದ್ದಂತೆ ಕಾಣುವುದು ಮೇಲು.

1840ರ ದಶಕದ ನಂತರದ ಸಾಂಗ್‌ಸ್ಟರ್‌ಗಳನ್ನು ತೆರೆಯುವಾಗ ಮಾತ್ರ ಎಚ್ಚರ ಬೇಕು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನಗಳ ಹಾಡುಗಳು ಅವುಗಳಲ್ಲಿ ತುಂಬಿವೆ. ಆ ಕಾಲದ ಅತ್ಯಂತ ಜನಪ್ರಿಯ ಹಾಡುಗಳೂ ಅವೇ. ಸ್ಟೀಫನ್ ಫಾಸ್ಟರ್ 1848ರಲ್ಲಿ ಪ್ರಕಟಿಸಿದ ‘ಓ! ಸುಸಾನಾ’ ಆ ರಂಗದ್ದೇ ಕೂಸು. ಇಂದು ಶಾಲಾ ಮಕ್ಕಳು ಹಾಡುವ ರೂಪವೇ ಬೇರೆ, ಅಂದಿನ ಸಾಹಿತ್ಯವೇ ಬೇರೆ. ಮಕ್ಕಳ ಕೈಗೆ ಕೊಡುವ ಮೊದಲು ಪ್ರತಿ ಚರಣವನ್ನೂ ಓದಿ.

ಪಿಯಾನೋ ಇದ್ದ ಮನೆಗಳಿಗೆ

ಶೀಟ್ ಮ್ಯೂಸಿಕ್, ಅಂದರೆ ಸ್ವರಲಿಪಿಯೊಂದಿಗೆ ಅಚ್ಚಾದ ಬಿಡಿ ಹಾಡಿನ ಹಾಳೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿ ಕೀಬೋರ್ಡ್ ಅಥವಾ ಹಾರ್ಮೋನಿಯಂ ಇದ್ದು, ಪಾಶ್ಚಾತ್ಯ ಸ್ವರಲಿಪಿ ಓದಲು ಬಂದರೆ ಇದು ನಿಮ್ಮದು. ಧಾಟಿ, ಸಾಹಿತ್ಯ ಎರಡೂ ಪುಟದಲ್ಲೇ ಇರುವುದರಿಂದ ಎಲ್ಲೂ ಹುಡುಕಬೇಕಾಗಿಲ್ಲ. 1793ರಲ್ಲಿ ಬೆಂಜಮಿನ್ ಕಾರ್ ಫಿಲಡೆಲ್ಫಿಯಾದಲ್ಲಿ ಅಂಗಡಿ ತೆರೆದ ಮೇಲೆ ಈ ವ್ಯಾಪಾರ ಬೆಳೆಯಿತು. ಅನುಕೂಲಸ್ಥರ ಮನೆಯ ಹೆಣ್ಣುಮಕ್ಕಳು ಕೊಂಡ ಬಿಡಿ ಹಾಳೆಗಳನ್ನು ಒಟ್ಟಿಗೆ ಹೊಲಿಸಿ, ರಟ್ಟಿನ ಮೇಲೆ ತಮ್ಮ ಹೆಸರು ಹಾಕಿಸಿಕೊಂಡು ಜೋಪಾನ ಮಾಡಿದ ಸಂಪುಟಗಳು ಅಲ್ಲಿನ ಗ್ರಂಥಾಲಯಗಳಲ್ಲಿ ಬೇಕಾದಷ್ಟಿವೆ.

ಶುರುವಿಗೆ ಫ್ರಾನ್ಸಿಸ್ ಹಾಪ್ಕಿನ್ಸನ್ ಅವರ 1788ರ ‘ಸೆವೆನ್ ಸಾಂಗ್ಸ್’ ಒಳ್ಳೆಯದು. ಹೆಸರು ಏಳು ಎನ್ನುತ್ತದೆ, ಒಳಗಿರುವುದು ಎಂಟು. ಮುಖಪುಟ ಕೆತ್ತಿಸಿ ಆದ ಮೇಲೆ ಎಂಟನೆಯದನ್ನು ಸೇರಿಸಿದರಂತೆ. ಹಾಪ್ಕಿನ್ಸನ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. ಪುಸ್ತಕವನ್ನು ಜಾರ್ಜ್ ವಾಷಿಂಗ್ಟನ್ನರಿಗೆ ಅರ್ಪಿಸಿದರು. ತಮಗೆ ಹಾಡಲೂ ಬಾರದು, ಯಾವ ವಾದ್ಯದಲ್ಲೂ ಒಂದು ಸ್ವರ ಎಬ್ಬಿಸಲೂ ಬಾರದು ಎಂದು ವಾಷಿಂಗ್ಟನ್ ಸ್ನೇಹದಿಂದ ಉತ್ತರ ಬರೆದರು. ಈ ಹಾಡುಗಳು ಎರಡೇ ಸಾಲಿನ ಸ್ವರಲಿಪಿಯಲ್ಲಿವೆ. ಬಲಗೈ ನುಡಿಸುವುದನ್ನೇ ಕಂಠವೂ ಹಾಡುವುದರಿಂದ, ಎಡಗೈ ಪಳಗದವರೂ ಬಲಗೈಯ ಸಾಲನ್ನು ಹಾರ್ಮೋನಿಯಂನಲ್ಲಿ ಹಿಡಿದು ಹಾಡಿಕೊಳ್ಳಬಹುದು.

ಮೇಲೆ ಹೇಳಿದ ಕೀ ಅವರ ಹಾಡು 1814ರಲ್ಲೇ ಬಾಲ್ಟಿಮೋರಿನ ಥಾಮಸ್ ಕಾರ್ ಅಂಗಡಿಯಿಂದ ಸ್ವರಸಹಿತ ಬಂತು. ‘ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್’ ಎಂಬ ಹೆಸರು ಅಂಟಿಕೊಂಡದ್ದು ಆಗ. ಆ ಮೊದಲ ಮುದ್ರಣದಲ್ಲಿ ‘ಪೇಟ್ರಿಯಾಟಿಕ್’ ಎಂಬ ಪದದ ಮೊದಲ ‘ಟಿ’ ಅಕ್ಷರವೇ ಬಿಟ್ಟುಹೋಗಿದೆ. ಸಂಗ್ರಾಹಕರು ಮೂಲ ಪ್ರತಿಯನ್ನು ಗುರುತಿಸುವುದು ಆ ತಪ್ಪಿನಿಂದ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲೆಸ್ಟರ್ ಲೆವಿ ಸಂಗ್ರಹದಲ್ಲಿ ಇಂಥ ಸಾವಿರಾರು ಹಾಳೆಗಳನ್ನು ದುಡ್ಡಿಲ್ಲದೆ ನೋಡಬಹುದು.

ಇಷ್ಟೆಲ್ಲ ಅನುಕೂಲ ಇದ್ದರೂ ಇದೊಂದೇ ಕಪಾಟಿಗೆ ಅಂಟಿಕೊಂಡರೆ ಕಾಣುವುದು ಉಳ್ಳವರ ಹಜಾರದ ಅಮೆರಿಕ ಮಾತ್ರ. ಹೊಲದಲ್ಲಿ, ಹಡಗಿನಲ್ಲಿ, ಕಾಡಿನಂಚಿನ ಪ್ರಾರ್ಥನಾ ಶಿಬಿರಗಳಲ್ಲಿ ಕೇಳುತ್ತಿದ್ದ ದನಿಗೆ ಬೇರೆ ಕಡೆ ಹೋಗಬೇಕು.

ರಿಚರ್ಡ್ ಆಲನ್ ಮತ್ತು ‘ಸ್ಲೇವ್ ಸಾಂಗ್ಸ್’

ಈ ಎರಡರಲ್ಲಿ ಯಾವುದು ಎಂದು ಬಹಳ ಜನ ಕೇಳುತ್ತಾರೆ. ಎರಡೂ ಕರಿಯ ಅಮೆರಿಕನ್ನರ ಹಾಡಿಗೆ ಸಂಬಂಧಪಟ್ಟವು. ಆದರೆ ಒಂದಕ್ಕೊಂದು ಬದಲಿಯಾಗಲಾರವು.

ರಿಚರ್ಡ್ ಆಲನ್ 1760ರಲ್ಲಿ ಗುಲಾಮರಾಗಿ ಹುಟ್ಟಿದರು. ದುಡಿದು ಹಣ ಕೂಡಿಸಿ ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡರು. ಫಿಲಡೆಲ್ಫಿಯಾದಲ್ಲಿ ತಮ್ಮವರಿಗೊಂದು ಚರ್ಚ್ ಕಟ್ಟಿದರು. ಆ ಸಭೆಗೆಂದು 1801ರಲ್ಲಿ 54 ಹಾಡುಗಳ ಪುಸ್ತಕ ತಂದರು. ಅದೇ ವರ್ಷ ಇನ್ನೂ ಹತ್ತು ಸೇರಿಸಿ ಮತ್ತೊಂದು ಆವೃತ್ತಿ ಬಂತು. ಒಬ್ಬ ಕರಿಯ ಅಮೆರಿಕನ್ ತನ್ನ ಜನರಿಗಾಗಿ ತಾನೇ ಆರಿಸಿ ಕೊಟ್ಟ ಮೊದಲ ಹಾಡಿನ ಪುಸ್ತಕ ಅದು. ಸ್ವರ ಇಲ್ಲ, ಕವಿಗಳ ಹೆಸರೂ ಇಲ್ಲ. ಸಾಹಿತ್ಯದಲ್ಲಿ ಗಮನಿಸಬೇಕಾದದ್ದು ಪಲ್ಲವಿ. ಒಂದು ಹಾಡಿನ ಪಲ್ಲವಿ ಇನ್ನೊಂದಕ್ಕೆ ಹಾರಿ ಕೂರುವ ಅಲೆಮಾರಿ ಪಲ್ಲವಿಗಳು ಇಲ್ಲಿ ಅಚ್ಚಿನಲ್ಲಿ ಕಾಣಿಸಿಕೊಳ್ಳುತ್ತವೆ. ಓದು ಬಾರದವರಿಗೂ ಪಲ್ಲವಿ ಎರಡು ಸಲ ಕೇಳಿದರೆ ಬಂದುಬಿಡುತ್ತದೆ. ಭಜನೆಗೆ ಹೋದವರಿಗೆ ಅದು ಏಕೆ ಎಂದು ಗೊತ್ತು.

‘ಸ್ಲೇವ್ ಸಾಂಗ್ಸ್ ಆಫ್ ದ ಯುನೈಟೆಡ್ ಸ್ಟೇಟ್ಸ್’ ಬಂದದ್ದು 1867ರಲ್ಲಿ, ಅಂತರ್ಯುದ್ಧ ಮುಗಿದು ಎರಡು ವರ್ಷಕ್ಕೆ. ಅದರಲ್ಲಿ 136 ಹಾಡು, ಎಲ್ಲಕ್ಕೂ ಧಾಟಿ ಸಮೇತ. ಹೆಚ್ಚಿನವು ದಕ್ಷಿಣ ಕೆರೊಲಿನಾದ ಸೀ ಐಲ್ಯಾಂಡ್ಸ್ ಕಡೆಯವು. ‘ಮೈಕಲ್ ರೋ ದ ಬೋಟ್ ಅಶೋರ್’ ಮೊದಲ ಸಲ ಅಚ್ಚಾದದ್ದು ಇದರಲ್ಲಿ. ಸಂಪಾದಕರು ಮೂವರೂ ಉತ್ತರದ ಬಿಳಿಯರು: ವಿಲಿಯಂ ಫ್ರಾನ್ಸಿಸ್ ಆಲನ್, ಚಾರ್ಲ್ಸ್ ಪಿಕರ್ಡ್ ವೇರ್, ಲೂಸಿ ಮೆಕಿಮ್ ಗ್ಯಾರಿಸನ್. ಲೂಸಿ ಆ ದ್ವೀಪಗಳಿಗೆ ಹೋದಾಗ ಹತ್ತೊಂಬತ್ತರ ಹುಡುಗಿ. ಗಂಟಲಿನ ಆ ತಿರುವುಗಳನ್ನು, ಬೇರೆ ಬೇರೆ ದನಿಗಳು ಬೇರೆ ಬೇರೆ ಹೊತ್ತಿಗೆ ಬಂದು ಸೇರುವ ಆ ಲಯವನ್ನು ಸ್ವರಲಿಪಿಯಲ್ಲಿ ಹಿಡಿಯುವುದು ಆಗದ ಮಾತು ಎಂದು ಆಕೆ 1862ರಲ್ಲೇ ಬರೆದಿದ್ದರು. ಗಮಕವನ್ನು ಬರೆದು ತೋರಿಸಲಾಗದು ಎಂದು ಪಾಠ ಹೇಳುವವರು ದಿನವೂ ಹೇಳುವ ಊರಿನವರು ನಾವು. ಆ ಮಾತಿನ ಪ್ರಾಮಾಣಿಕತೆ ನಮಗೆ ಕೂಡಲೇ ತಿಳಿಯುತ್ತದೆ.

ಆದ್ದರಿಂದ ಧಾಟಿ ಬೇಕೆಂದರೆ 1867ರ ಪುಸ್ತಕ ಹಿಡಿಯಿರಿ. ಆದರೆ ಅಚ್ಚಾಗಿರುವುದು ಹಾಡಿನ ಎಲುಬು ಎಂದಷ್ಟೇ ತಿಳಿದುಕೊಂಡು ಹಾಡಿ. ಹಾಡನ್ನು ಬರೆದುಕೊಂಡವರ ಕಿವಿಗಿಂತ ಹಾಡಿದವರ ಆಯ್ಕೆ ಏನಿತ್ತು ಎಂದು ತಿಳಿಯಬೇಕಿದ್ದರೆ ರಿಚರ್ಡ್ ಆಲನ್ನರ ಪುಸ್ತಕ. ನನ್ನ ಮೇಜಿನ ಮೇಲೆ ಎರಡೂ ಅಕ್ಕಪಕ್ಕ ಇವೆ, ಒಂದನ್ನು ಓದುವಾಗ ಇನ್ನೊಂದನ್ನು ತೆರೆದಿಟ್ಟುಕೊಳ್ಳುತ್ತೇನೆ. ಮೊಹೀಗನ್ ಬುಡಕಟ್ಟಿನ ಪಾದ್ರಿ ಸ್ಯಾಮ್ಸನ್ ಆಕಮ್ 1774ರಲ್ಲಿ ತಂದ ಸಂಕಲನವನ್ನೂ ಇವುಗಳ ಜೊತೆ ಇಟ್ಟು ನೋಡಬೇಕು. ಅದರಲ್ಲಿಯೂ ಸಾಹಿತ್ಯ ಮಾತ್ರ.

ಹಾಡಲೇಬೇಕು ಎನ್ನುವವರಿಗೆ

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಕಪಾಟು, ಟ್ಯೂನ್‌ಬುಕ್‌ಗಳು. ಅಡ್ಡಲಾಗಿ ಉದ್ದವಿರುವ ಪುಸ್ತಕ. ಒಳಗೆ ಮೂರು ಇಲ್ಲವೇ ನಾಲ್ಕು ದನಿಗಳಿಗೆ ಸ್ವರ, ಅಡಿಯಲ್ಲಿ ಸಾಹಿತ್ಯ. ಮೊದಲ ಕೆಲವು ಪುಟ ಸಂಗೀತ ಪಾಠ. ಊರೂರು ಸುತ್ತುವ ಮೇಷ್ಟ್ರು ಕೆಲವು ವಾರ ಒಂದೆಡೆ ನಿಂತು, ಹಗಲೆಲ್ಲ ದುಡಿದು ಬಂದ ಹುಡುಗ ಹುಡುಗಿಯರಿಗೆ ಸಂಜೆ ಹಾಡು ಕಲಿಸುತ್ತಿದ್ದ ಸಿಂಗಿಂಗ್ ಸ್ಕೂಲುಗಳಿಗಾಗಿ ಇವು ಹುಟ್ಟಿದವು.

ಮೊದಲ ಪೈಪೋಟಿ ವಿಲಿಯಂ ಬಿಲ್ಲಿಂಗ್ಸ್ ಅವರ ಎರಡು ಪುಸ್ತಕಗಳ ನಡುವೆ. ಬಿಲ್ಲಿಂಗ್ಸ್ ಬಾಸ್ಟನ್ನಿನಲ್ಲಿ ಚರ್ಮ ಹದಮಾಡುವ ಕಸುಬಿನವರು. ಒಂದು ಕಣ್ಣು ಕಾಣದು, ಒಂದು ಕಾಲು ಗಿಡ್ಡ, ಸಂಗೀತವನ್ನು ಬಹುಪಾಲು ತಾವೇ ಕಲಿತದ್ದು. 1770ರ ‘ನ್ಯೂ-ಇಂಗ್ಲೆಂಡ್ ಸಾಮ್-ಸಿಂಗರ್’ ಪೂರ್ತಿ ಒಬ್ಬನೇ ಅಮೆರಿಕನ್ ರಚನಕಾರನ ಹಾಡುಗಳಿರುವ ಮೊದಲ ಪುಸ್ತಕ. ಪಾಲ್ ರಿವಿಯರ್ ಕೆತ್ತಿದ ಮುಖಚಿತ್ರ ಅದಕ್ಕಿದೆ: ಮೇಜಿನ ಸುತ್ತ ಕೂತು ಹಾಡುವ ಗಂಡಸರು, ಅವರನ್ನು ಬಳಸಿ ಉಂಗುರದಂತೆ ಬರೆದ ಸ್ವರಸಾಲು. ಚಿತ್ರ ನೋಡಿ ಮನಸೋತು ಎಲ್ಲರೂ ಇದನ್ನೇ ಆರಿಸುತ್ತಾರೆ. ಹಾಡಲು ಮಾತ್ರ 1778ರ ‘ಸಿಂಗಿಂಗ್ ಮಾಸ್ಟರ್ಸ್ ಅಸಿಸ್ಟೆಂಟ್’ ಆರಿಸಿ. ಮೊದಲ ಪುಸ್ತಕದ ಎಷ್ಟೋ ಹಾಡು ಅಚ್ಚಿಗೆ ಯೋಗ್ಯವಿರಲಿಲ್ಲ ಎಂದು ಬಿಲ್ಲಿಂಗ್ಸ್ ಅದರಲ್ಲಿ ತಾವೇ ಒಪ್ಪಿಕೊಂಡು, ಒಳ್ಳೆಯವನ್ನು ತಿದ್ದಿ ಕೊಟ್ಟಿದ್ದಾರೆ. ಕ್ರಾಂತಿಯ ಕಾಲದಲ್ಲಿ ಜನರ ನಾಲಿಗೆಯ ಮೇಲಿದ್ದ ‘ಚೆಸ್ಟರ್’ ಹಾಡಿಗೆ ಬ್ರಿಟಿಷ್ ದಳಪತಿಗಳ ಹೆಸರು ಹಿಡಿದು ಕರೆಯುವ ಹೊಸ ಚರಣಗಳು ಸೇರಿದ್ದು ಇಲ್ಲಿಯೇ. ಅಷ್ಟು ಜನ ಹಾಡಿದರೂ ಬಿಲ್ಲಿಂಗ್ಸ್ 1800ರಲ್ಲಿ ಬಡತನದಲ್ಲಿ ತೀರಿಕೊಂಡರು. ಗೋರಿಗೊಂದು ಕಲ್ಲೂ ಇಲ್ಲ.

ಬಿಲ್ಲಿಂಗ್ಸ್ ಅವರ ಪುಸ್ತಕ ಓದಲು ಮಾಮೂಲಿ ಸ್ವರಲಿಪಿ ಬರಬೇಕು. ಬಾರದವರಿಗೆ 1801ರ ‘ಈಸಿ ಇನ್‌ಸ್ಟ್ರಕ್ಟರ್’ ಒಂದು ಉಪಾಯ ತಂದಿತು. ವಿಲಿಯಂ ಲಿಟಲ್, ವಿಲಿಯಂ ಸ್ಮಿತ್ ಎಂಬಿಬ್ಬರು ಸ್ವರದ ತಲೆಗೆ ಆಕಾರ ಕೊಟ್ಟರು: ‘ಫಾ’ ತ್ರಿಕೋನ, ‘ಸೋಲ್’ ದುಂಡು, ‘ಲಾ’ ಚೌಕ, ‘ಮಿ’ ವಜ್ರ. ನಾಲ್ಕೇ ಹೆಸರು. ನಮ್ಮ ಸರಿಗಮಕ್ಕೆ ಹೊಂದಿಸಿದರೆ ಹೀಗೆ: ಸ ಮತ್ತು ಮ ಎರಡೂ ಫಾ, ರಿ ಮತ್ತು ಪ ಎರಡೂ ಸೋಲ್, ಗ ಮತ್ತು ದ ಎರಡೂ ಲಾ, ನಿ ಒಂದೇ ಮಿ. ಶಂಕರಾಭರಣದಲ್ಲಿ ಸರಿಗ ಹಾಡಿ, ಆಮೇಲೆ ಮಪದ ಹಾಡಿ. ಸ್ಥಾಯಿ ಬೇರೆ, ನಡುವಿನ ಅಂತರ ಒಂದೇ ಎಂಬುದು ಕೇಳಿಸುತ್ತದೆ. ಎರಡಕ್ಕೂ ಒಂದೇ ಹೆಸರು ಸಾಕೆಂದದ್ದು ಅದಕ್ಕೆ.

ಬಾಸ್ಟನ್ ಕಡೆಯ ಓದಿದವರು ಈ ಆಕಾರಗಳನ್ನು ಹಳ್ಳಿಗರದು ಎಂದು ತಳ್ಳಿ ಯುರೋಪಿನ ಶಿಸ್ತಿನ ಕಡೆ ಹೊರಳಿದರು. ಲೋವೆಲ್ ಮೇಸನ್ ಅವರ 1822ರ ಸಂಕಲನ ಆ ದಾರಿಯ ದೊಡ್ಡ ಗೆಲುವು. ಚರ್ಚ್ ಗಾಯನದ ಆ ಇಂಪು ಬೇಕಾದವರು ಅದನ್ನು ನೋಡಬಹುದು, ನಾನು ಅಲ್ಲಿ ನಿಲ್ಲುವುದಿಲ್ಲ. ಆಕಾರದ ಸ್ವರಗಳು ದಕ್ಷಿಣಕ್ಕೆ ಇಳಿದು ಎರಡು ದೊಡ್ಡ ಪುಸ್ತಕಗಳಾದವು. 1835ರ ‘ಸದರ್ನ್ ಹಾರ್ಮನಿ’ ದಕ್ಷಿಣ ಕೆರೊಲಿನಾದ ವಿಲಿಯಂ ವಾಕರ್ ಅವರದು. 1844ರ ‘ಸೇಕ್ರೆಡ್ ಹಾರ್ಪ್’ ಜಾರ್ಜಿಯಾದ ಬೆಂಜಮಿನ್ ಫ್ರ್ಯಾಂಕ್ಲಿನ್ ವೈಟ್ ಮತ್ತು ಇಲೈಷಾ ಜೇಮ್ಸ್ ಕಿಂಗ್ ಅವರದು. ವಾಕರ್ ಮತ್ತು ವೈಟ್ ಷಡ್ಡಕರು, ಅಕ್ಕತಂಗಿಯರನ್ನು ಮದುವೆಯಾದವರು.

ಯಾವುದು? ಒಬ್ಬರೇ ಕೂತು ಹಾಡಿಕೊಳ್ಳುವುದಾದರೆ ‘ಸದರ್ನ್ ಹಾರ್ಮನಿ’. ಹೆಚ್ಚಿನ ಹಾಡುಗಳು ಮೂರು ದನಿಯವು, ಪುಟ ತೆಳ್ಳಗೆ, ಧಾಟಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಹಳೆಯ ಆವೃತ್ತಿಯ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ಜೊತೆಗಾರರು ಬೇಕು ಎನ್ನುವವರಿಗೆ ‘ಸೇಕ್ರೆಡ್ ಹಾರ್ಪ್’. ‘ಸದರ್ನ್ ಹಾರ್ಮನಿ’ಯನ್ನು ಹಿಡಿದು ಊರು ಸೇರಿ ಹಾಡುವ ಪದ್ಧತಿ ಕೆಂಟುಕಿಯ ಬೆಂಟನ್‌ನಲ್ಲಿ 1884ರಿಂದ ನಡೆದುಬಂದಿದೆ. ‘ಸೇಕ್ರೆಡ್ ಹಾರ್ಪ್’ ಕೂಟಗಳಾದರೋ ಅಮೆರಿಕದ ಹಲವಾರು ಊರುಗಳಲ್ಲಿ, ಈಗ ಯುರೋಪಿನಲ್ಲೂ ಇವೆ. ಪುಸ್ತಕವೂ ಬೆಳೆಯುತ್ತಲೇ ಇದೆ. 1991ರ ಆವೃತ್ತಿ ಮೂವತ್ತಕ್ಕೂ ಹೆಚ್ಚು ವರ್ಷ ನಡೆದು, 2025ರಲ್ಲಿ ಹೊಸ ಆವೃತ್ತಿ ಬಂತು. ಕೊಳ್ಳುವ ಮೊದಲು ನೀವು ಹೋಗುವ ಕೂಟ ಯಾವ ಆವೃತ್ತಿ ಹಿಡಿಯುತ್ತದೆ ಎಂದು ಕೇಳಿ. ಕೂಪರ್ ಆವೃತ್ತಿ ಎಂಬ ಇನ್ನೊಂದು ಕವಲು ಕೆಲವು ಕಡೆ ಇದೆ, ಅದರ ಪುಟಸಂಖ್ಯೆಗಳು ಹೊಂದುವುದಿಲ್ಲ. ಏಳು ಸ್ವರಕ್ಕೆ ಏಳು ಆಕಾರ ಇದ್ದರೆ ನಮಗೆ ಸುಲಭ ಎನ್ನುವವರು ವಾಕರ್ ಅವರೇ 1866ರಲ್ಲಿ ಸಿದ್ಧಪಡಿಸಿದ ‘ಕ್ರಿಶ್ಚಿಯನ್ ಹಾರ್ಮನಿ’ ನೋಡಬಹುದು. ನನ್ನ ಅನುಭವದಲ್ಲಿ ನಾಲ್ಕು ಆಕಾರ ಒಂದು ವಾರದಲ್ಲಿ ಕಣ್ಣಿಗೆ ಹತ್ತಿಬಿಡುತ್ತವೆ.

ನಾನು ಅಮೆರಿಕದಲ್ಲಿದ್ದಾಗ ಒಂದು ಭಾನುವಾರ ಇಂಥ ಕೂಟಕ್ಕೆ ಹೋದೆ. ಹಳೆಯ ಮರದ ಸಭಾಂಗಣ. ಬೆಂಚುಗಳನ್ನು ಚೌಕವಾಗಿ, ಒಳಮುಖವಾಗಿ ಇಟ್ಟಿದ್ದರು. ನಾಲ್ಕು ದನಿಗೆ ನಾಲ್ಕು ಬದಿ: ಒಂದು ಬದಿಗೆ ಟೆನರ್, ಅದರ ಎದುರು ಆಲ್ಟೋ, ಉಳಿದೆರಡು ಬದಿಗೆ ಟ್ರೆಬಲ್ ಎಂಬ ಮೇಲಿನ ದನಿ ಮತ್ತು ಬಾಸ್ ಎಂಬ ತಗ್ಗಿನ ದನಿ. ಕೇಳುಗರಿಗೆಂದು ಕುರ್ಚಿಯೇ ಇರಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ಪುಸ್ತಕವನ್ನು ನನ್ನ ಕಡೆ ವಾಲಿಸಿ ಬೆರಳಿಟ್ಟು ತೋರಿಸಿದರು. ಒಬ್ಬ ಹುಡುಗಿ ಚೌಕದ ನಡುವೆ ಬಂದು ಪುಟಸಂಖ್ಯೆ ಕೂಗಿದಳು. ವಾದ್ಯವಿಲ್ಲ, ಒಬ್ಬರು ಬಾಯಲ್ಲೇ ಶ್ರುತಿ ಕೊಟ್ಟರು. ಅವಳ ಕೈ ಕೆಳಗೆ ಬಂದ ಕೂಡಲೇ ನಾಲ್ಕೂ ಕಡೆಯಿಂದ ಸಾಹಿತ್ಯವಲ್ಲ, ಸ್ವರ ಬಂತು: ಫಾ, ಸೋಲ್, ಲಾ. ಒಂದು ಸಲ ಪೂರ್ತಿ ಸ್ವರ ಹಾಡಿ ಮುಗಿಸಿ, ಆಮೇಲೆ ಸಾಹಿತ್ಯ. ನನಗೆ ಗಂಟಲು ಕಟ್ಟಿತು. ಚಿಕ್ಕವಳಿದ್ದಾಗ ಚಾಪೆಯ ಮೇಲೆ ಕೂತು ತಾಳ ಹಾಕುತ್ತ ‘ಮಪ ದಸಸರಿ’ ಹೇಳಿ, ಆಮೇಲೆ ‘ಶ್ರೀ ಗಣನಾಥ’ ಹಾಡಿದ್ದು ಇದೇ ಕ್ರಮದಲ್ಲಿ. ಕರ್ನಾಟಕ ಸಂಗೀತದ ಪಿಳ್ಳಾರಿ ಗೀತೆಯವರೆಗೆ ಬಂದ ಯಾರಿಗೇ ಆಗಲಿ ಈ ಪುಸ್ತಕ ಅಪರಿಚಿತವಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಪುಟ ಓದುವಾಗ ಎಲ್ಲರೂ ಎಡವುವ ಒಂದು ಜಾಗ ಇದೆ. ಮೇಲಿನ ಸಾಲೇ ಧಾಟಿ ಎಂದು ತಿಳಿದು ಹಾಡಿದರೆ ಯಾವುದೋ ಗುರುತಿಲ್ಲದ ಹಾಡು ಬರುತ್ತದೆ. ಧಾಟಿ ಇರುವುದು ಟೆನರ್ ಸಾಲಿನಲ್ಲಿ, ಅಂದರೆ ಕೆಳಗಿನಿಂದ ಎರಡನೆಯದು. ಮೂರು ಸಾಲಿದ್ದರೆ ನಡುವಿನದು.

ಮೊದಲ ಹಾಡಾಗಿ ‘ನ್ಯೂ ಬ್ರಿಟನ್’ ತೆಗೆದುಕೊಳ್ಳಿ. ಜಾನ್ ನ್ಯೂಟನ್ ಇಂಗ್ಲೆಂಡಿನಲ್ಲಿ ಬರೆದು 1779ರಲ್ಲಿ ಪ್ರಕಟಿಸಿದ ‘ಅಮೇಜಿಂಗ್ ಗ್ರೇಸ್’ ಸಾಹಿತ್ಯವನ್ನು ಇಂದು ಲೋಕವೆಲ್ಲ ಹಾಡುವ ಧಾಟಿಗೆ ಕೂಡಿಸಿ ಅಚ್ಚುಹಾಕಿದ್ದು ವಾಕರ್, 1835ರಲ್ಲಿ. ‘ಸದರ್ನ್ ಹಾರ್ಮನಿ’ಯಲ್ಲಿ 8ನೇ ಪುಟ, ‘ಸೇಕ್ರೆಡ್ ಹಾರ್ಪ್’ 1991ರ ಆವೃತ್ತಿಯಲ್ಲಿ 45ನೇ ಪುಟದ ಮೇಲರ್ಧ. ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ, ಮೋಹನದ ಐದೇ ಸ್ವರ. ಮಂದ್ರ ಪಂಚಮದಿಂದ ಎತ್ತಿ ‘ಪ ಸ ಗಸ ಗ ರಿ ಸ ದ ಪ’ ಎಂದು ಮೊದಲ ಸಾಲು ಹಾಡಿ, ಕೊನೆಯ ದ ಪ ಎರಡೂ ಮಂದ್ರದಲ್ಲೇ. ಅದೇ ಸಾಲನ್ನು ಆಕಾರ ನೋಡಿಕೊಂಡು ‘ಸೋಲ್ ಫಾ ಲಾಫಾ ಲಾ ಸೋಲ್ ಫಾ ಲಾ ಸೋಲ್’ ಎಂದು ಹಾಡಿ. ದುಂಡು, ತ್ರಿಕೋನ, ಚೌಕ, ಮೂರೇ ಆಕಾರ, ವಜ್ರ ಇಡೀ ಧಾಟಿಯಲ್ಲಿ ಎಲ್ಲೂ ಬರುವುದಿಲ್ಲ. ಪುಟವನ್ನು ಅಡ್ಡಲಾಗಿ ಪ್ರಿಂಟ್ ತೆಗೆಯಿರಿ, ಫೋನಿನ ಪರದೆಯಲ್ಲಿ ಆಕಾರಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಟೆನರ್ ಸಾಲಿಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಂಡು, ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರಿಗೆ ಬಾಸ್ ಸಾಲು ಕೊಡಿ.